ಕಡಲೆಹಿಟ್ಟಿಗೆ ಹಿಂಡಿದ ಮುಲಾಮು

ಒಂದು ಪೇಟೆಯಲ್ಲಿ ಒಬ್ಬ ಶ್ರೀಮಂತನ ಹೆಂಡತಿ ಇದ್ದಳು, ತಾಯಂದಿರೇ. ಶ್ರೀಮಂತನ ಮಾತು ಬಿಡಿ, ಕಥೆ ಅವಳದು. ಅವಳ ಕೆನ್ನೆಯ ಮೇಲೆ ಬಂಗು, ಅದೇ ಕಂದು ಕಲೆ, ಮೂಡಿತು. ಚರ್ಮದ ಡಾಕ್ಟರಮ್ಮ ಒಂದು ಮುಲಾಮು ಬರೆದುಕೊಟ್ಟು, "ರಾತ್ರಿ ಮಾತ್ರ, ಕಲೆಯ ಮೇಲೆ ಮಾತ್ರ, ತೆಳ್ಳಗೆ ಹಚ್ಚಿ. ಹಗಲು ಬಿಸಿಲಿಂದ ಮುಖ ಕಾಪಾಡ್ಕೊಳ್ಳಿ. ನಾನು ಹೇಳಿದಾಗ ನಿಲ್ಲಿಸಿ" ಎಂದರು. ಅವಳು ಹಾಗೇ ಮಾಡಿದಳು. ಬಂಗು ತಿಳಿಯಾಯಿತು. ನೋಡಿ, ಇಲ್ಲಿಯವರೆಗೆ ಯಾರದೂ ತಪ್ಪಿಲ್ಲ.

ಅವಳಿಗೊಬ್ಬ ಮಗಳು. ಎಣ್ಣೆಗಪ್ಪು ಬಣ್ಣ, ಮುಖದಲ್ಲಿ ಒಂದೇ ಒಂದು ಕಲೆಯಿಲ್ಲ. ಹೆಣ್ಣು ನೋಡಲು ಬರುತ್ತಾರೆಂದು ಗೊತ್ತಾದ ದಿನದಿಂದ ತಾಯಿ ಮಗಳಿಗೆ ಅರಿಶಿನ, ಕಡಲೆಹಿಟ್ಟು ಕಲಸಿ ಹಚ್ಚತೊಡಗಿದಳು. ಅಷ್ಟಕ್ಕೆ ಸುಮ್ಮನಿದ್ದಳೇ? ಇಲ್ಲ. ತನ್ನ ಮುಲಾಮನ್ನೂ ಅದಕ್ಕೇ ಹಿಂಡಿದಳು. ಮುಖದ ತುಂಬ ದಪ್ಪಗೆ ಮೆತ್ತಿ, ಬೇಗ ಒಣಗಲಿ ಎಂದು ಮಹಡಿಯ ಬಿಸಿಲಲ್ಲಿ ಕೂರಿಸಿದಳು!

"ಅಮ್ಮಾ, ಉರೀತಿದೆ."

"ಉರಿದ್ರೇನೇ ಕಣೇ ಕಪ್ಪು ಬಿಡೋದು. ಸ್ವಲ್ಪ ತಡ್ಕೋ."

ತಡೆದುಕೊಂಡಿತು ಮಗು. ಯಾಕೆ? ಹೇಳಿದವಳು ಹೆತ್ತ ತಾಯಿ.

ಗಂಡಿನ ಕಡೆಯವರು ಬಂದಾಗ ಹುಡುಗಿಯ ಮುಖ ಕೆಂಪಗೆ ಊದಿ ಸಿಪ್ಪೆ ಏಳುತ್ತಿತ್ತು. ಹುಡುಗನ ತಾಯಿ ಗಾಬರಿಯಾದಳು. "ಅಯ್ಯೋ, ಏನಾಯ್ತಮ್ಮ ಇದು? ಮೊನ್ನೆ ಮದುವೆ ಮನೇಲಿ ಬಡಿಸ್ತಿದ್ದಾಗ ನೋಡಿ, ಆ ಮುಖಾನೇ ಒಪ್ಕೊಂಡಲ್ವೇ ನಾವು ಬಂದಿದ್ದು!"

ಊತ ಇಳಿಯಿತು. ಮದುವೆಯೂ ಆಯಿತೆನ್ನಿ. ಆದರೆ ತಾಯಿ ಕೆನ್ನೆ ಸವರಲು ಕೈ ಚಾಚಿದರೆ ಮಗಳ ಮುಖ ಇವತ್ತಿಗೂ ಹಿಂದೆ ಸರಿಯುತ್ತದೆ. ಬೇಕೆಂದಲ್ಲ, ತಾನಾಗಿ ಸರಿಯುತ್ತದೆ. ಆ ತಾಯಿಯ ಸಂಕಟ ಎಷ್ಟಿರಬೇಕು ಹೇಳಿ. ಅವಳೇನು ಕೆಟ್ಟವಳೇ? ಮಗಳಿಗೆ ಒಳ್ಳೆಯದಾಗಲಿ ಎಂದೇ ಮಾಡಿದಳಲ್ಲ!

ಈಗ ನಿಮ್ಮ ಮನೆಗೆ ಬರೋಣ. ನಗಬೇಡಿ. ನಿಮ್ಮ ಕನ್ನಡಿಯ ಪಕ್ಕದಲ್ಲಿರುವ ಟ್ಯೂಬು ಯಾರದು? ಓರಗಿತ್ತಿ ಕೊಟ್ಟಳೇ? ಮೆಡಿಕಲ್ ಶಾಪಿನವನು ಚೀಟಿಯಿಲ್ಲದೆ ಕೊಟ್ಟನೇ? ನಾಳೆಯೇ ಅದನ್ನು ಡಾಕ್ಟರಿಗೆ ತೋರಿಸಿ. ಬಂಗಿಗೆ ಮದ್ದು ಹಚ್ಚುವುದು ತಪ್ಪಲ್ಲ. ಒಬ್ಬರಿಗೆ ಬರೆದದ್ದನ್ನು ಇನ್ನೊಬ್ಬರ ಮುಖಕ್ಕೆ ಹಚ್ಚುವುದು ತಪ್ಪು. ಹೇಳಿದಷ್ಟೇ ಹಚ್ಚಿ, ಹೇಳಿದಷ್ಟು ದಿನವೇ ಹಚ್ಚಿ. ಬಸುರಿಯಾಗಿದ್ದರೆ, ಹಾಲೂಡಿಸುತ್ತಿದ್ದರೆ ಮೊದಲೇ ಬಾಯಿಬಿಟ್ಟು ಹೇಳಿ. ಉರಿದರೆ ತೊಳೆಯಿರಿ, ಡಾಕ್ಟರ ಹತ್ತಿರ ಓಡಿ, ತಡೆದುಕೊಳ್ಳಬೇಡಿ.

ಮನೆಗೆ ಹೋದವರು ಮಗಳ ಮುಖವನ್ನು ಒಮ್ಮೆ ಕಣ್ತುಂಬ ನೋಡಿ. ಕಪ್ಪಗಿದ್ದಾಳೆಯೇ? ಇರಲಿ. ಅದು ಕಾಯಿಲೆಯಲ್ಲ ತಾಯಿ, ಮದ್ದು ಯಾತಕ್ಕೆ?