ಸೊನ್ನೆಯಲ್ಲ, ಗೊತ್ತಿಲ್ಲ

ಬಸ್ ಸ್ಟಾಪಿನಲ್ಲಿ ನನ್ನ ಮುಂದೆ ಹವಾಮಾನ ಕೇಂದ್ರದ ಮೇಡಂ ಒಬ್ಬರು, ಅವರ ಸಹೋದ್ಯೋಗಿಯೊಬ್ಬ ನಿಂತಿದ್ದರು.

"ಮೇಡಂ, ನಾವು ಮೂಲೆಗೆ ಹಾಕಿದ ಹಳೇ ಸಾಫ್ಟ್‌ವೇರ್ ತೆಗೆದು ನೋಡ್ದೆ."

"ಆ ಆಮೆನಾ? ಯಾಕಪ್ಪಾ?"

"ನಿಧಾನ, ನಿಜ. ಆದ್ರೆ ಮಳೆಮಾಪಕ ಕೆಟ್ಟಾಗ ಅದು 'ಗೊತ್ತಿಲ್ಲ' ಅಂತ ಬರೀತಿತ್ತು."

"ನಮ್ಮ ಹೊಸದು?"

"'ಸೊನ್ನೆ' ಅನ್ನುತ್ತೆ. ಮೊನ್ನೆ ಹೊಳೆ ಸೇತುವೆ ಮೇಲೆ ಹರೀತಿದ್ರೂ ಮಳೆ ಸೊನ್ನೆ ಅಂತ ತೋರಿಸ್ತಲ್ಲ, ಅದಕ್ಕೇ."

ಮೇಡಂ ತಲೆಯಾಡಿಸಿದರು.

"ಆ ಹಳೇದನ್ನ ಬರೆದ ಸಾಹೇಬ್ರನ್ನ ಹಳೇ ಕಾಲದವರು ಅಂತ ಆಡ್ಕೊಂಡಿದ್ವಿ. ಎಂಥ ಮನುಷ್ಯ ನೋಡು, ಯಂತ್ರಕ್ಕೂ ಸುಳ್ಳು ಹೇಳೋಕೆ ಬಿಟ್ಟಿಲ್ಲ. ನಾಳೆ ಆ 'ಗೊತ್ತಿಲ್ಲ' ಅನ್ನೋ ಒಂದು ಮಾತು ಹೊಸದಕ್ಕೂ ಹಾಕಿಬಿಡು."

ಬಸ್ ಬಂತು. ನಾನು ತಡೆಯಲಾರದೆ ಕೇಳಿದೆ, "ಇವತ್ತು ಮಳೆ ಬರುತ್ತಾ ಮೇಡಂ?"

"ಗೊತ್ತಿಲ್ಲ," ಅಂದರು. ಬಹುಮಾನ ಬಂದವರ ಹಾಗೆ ಮುಖ ಅರಳಿಸಿಕೊಂಡು ಬಸ್ ಹತ್ತಿದರು.