ಮದುವೆಗೆ ಹೊರಟವರ ಪೆಟ್ರೋಲು

ಗೆಂಟ್ ರಸ್ತೆಯ ಪೆಟ್ರೋಲ್ ಬಂಕಿನ ಅಂಗಡಿಯೊಳಗೆ ದುಡ್ಡು ಕೊಡಲು ಸಾಲಿನಲ್ಲಿ ನಿಂತಿದ್ದೆ. ನನ್ನ ಮುಂದೆ ಅಕ್ಕ, ತಮ್ಮ ಇಬ್ಬರು. ಅರವತ್ತು ದಾಟಿದ ತಮ್ಮ ಮದುಮಗನ ಉಡುಪಿನಲ್ಲಿದ್ದ. ಹೊರಗೆ ರಸ್ತೆಯುದ್ದಕ್ಕೂ ವಾಹನಗಳು ಅಲುಗಾಡದೆ ನಿಂತಿದ್ದವು.

“ಹೊರಡೋವಾಗ್ಲೇ ಹಾಕಿಸ್ಕೊ ಅಂದೆ ತಾನೇ, ವಾನೆಸ್?”

“ಮೂವತ್ತು ಕಿಲೋಮೀಟರಿಗೆ ಸಾಕಾಗೋಷ್ಟಿತ್ತು, ಅಕ್ಕ.”

“ಬಂದಿರೋದು ಒಂಬತ್ತು.”

“ಅದಕ್ಕೇ ಒಂದೂವರೆ ಗಂಟೆ ಹಿಡೀತಲ್ಲ! ನಿಂತಷ್ಟು ಹೊತ್ತೂ ಎಂಜಿನ್ ಕುಡೀತಾನೇ ಇರುತ್ತೆ. ಹೊತ್ತಿನ ಜೊತೆ ಪೆಟ್ರೋಲೂ ಹೋಯ್ತು.”

“ಇಷ್ಟು ವರ್ಷ ಬಸ್ ಓಡಿಸಿದವನಿಗೆ ಇವತ್ತು ಗೊತ್ತಾಯ್ತಾ?”

“ಬಸ್ಸಿಗೆ ಡಿಪೋದವರು ಹಾಕ್ತಿದ್ರು.”

“ಹನ್ನೊಂದಕ್ಕೆ ಮದುವೆ. ಹಿಲ್ಡೆ ಪಾಪ, ಪುರಭವನದ ಬಾಗಿಲಲ್ಲಿ ಕಾಯ್ತಿರ್ತಾಳೆ. ನೀನು ಮನಸ್ಸು ಬದಲಾಯಿಸ್ದೆ ಅಂದ್ಕೋತಾಳೆ.”

ಅವನ ಮುಖ ಬಾಡಿತು. ಅಷ್ಟರಲ್ಲಿ ಫೋನ್ ಬಂತು. ಕೇಳುತ್ತ ಕೇಳುತ್ತ ನಗತೊಡಗಿದ.

“ಅವಳೂ ಇದೇ ರಸ್ತೇಲಿ ಸಿಕ್ಕಾಕ್ಕೊಂಡಿದಾಳಂತೆ, ಅಕ್ಕ! ಹಿಂದೆ, ಚರ್ಚ್ ಹತ್ರ. ನಾನು ಕಾದೂ ಕಾದೂ ಎದ್ದು ಹೋಗಿರ್ತೀನಿ ಅಂತ ಅಳ್ತಿದ್ಲು.”

“ಅವಳ ಕಾರಲ್ಲಿ ಪೆಟ್ರೋಲ್ ಇದೆಯಂತಾ?”

“ಈಗ ತಾನೇ ಮುಗಿದು ನಿಂತಿದೆಯಂತೆ.”

“ಒಳ್ಳೇ ಜೋಡಿ ಕಣೋ ನೀವು.” ಅಕ್ಕ ಕಪಾಟಿನಲ್ಲಿ ಮಾರಾಟಕ್ಕಿಟ್ಟಿದ್ದ ಖಾಲಿ ಕ್ಯಾನೊಂದನ್ನು ತೆಗೆದು ಅವನ ಕೈಗಿಟ್ಟಳು. “ಇದಕ್ಕೆ ತುಂಬಿಸ್ಕೊಂಡು ನಡಿ. ಪುರಭವನದವರಿಗೆ ನಾನು ಹೇಳ್ತೀನಿ.”

“ನಮ್ಮ ಕಾರು?”

“ನಾನು ತರ್ತೀನಿ. ನೀನು ಅವಳ ಜೊತೆ ಬಾ. ಕೋಟಿನ ಮೇಲೆ ಚೆಲ್ಕೋಬೇಡ.”

ಕ್ಯಾನ್ ತುಂಬಿಸಿಕೊಂಡು ಅವನು ನಿಂತ ಕಾರುಗಳ ಪಕ್ಕದಲ್ಲಿ ಹಿಂದಕ್ಕೆ ನಡೆದ. ಹತ್ತು ಹೆಜ್ಜೆ ಹೋದವನು ಓಡತೊಡಗಿದ.