ಬೆನ್ನು ಮಾಡಿ ನಿಲ್ಲುವ ಕೋಚ್

ಜಿಮ್ನಾಸ್ಟಿಕ್ಸ್ ಕೋಚ್ ಲೋರೇನ್ ನಿವೃತ್ತರಾಗುವ ಮುಂಚಿನ ಕೊನೆಯ ಪಂದ್ಯ. ನಮ್ಮ ಕಾಲೇಜಿನ ಕ್ರೀಡಾಂಗಣದ ಬಾಗಿಲಿಗೆ ಇಳಿಯುವ ಮೆಟ್ಟಿಲುಗಳ ಮೇಲೆಲ್ಲ ಸಾಲು. ನನ್ನ ಮುಂದೆ ನಡುವಯಸ್ಸಿನ ಇಬ್ಬರು ಹೆಂಗಸರು, ಒಂದು ಕಾಲಕ್ಕೆ ಈ ಕೋಚ್ ತಂಡದಲ್ಲೇ ಆಡಿದವರು.

"ನಾನು ವಾಪಸ್ ಹೋಗ್ತೀನಿ ಕಣೇ ರೋಶೆಲ್."

"ಸುಮ್ನೆ ನಿಂತ್ಕೊಳ್ಳೇ ಟ್ಯಾಮಿ. ಇಪ್ಪತ್ತು ವರ್ಷದಿಂದ ಮುಖ ಮರೆಸ್ಕೊಂಡಿದ್ದು ಸಾಕು."

"ನಾನು ಬ್ಯಾಲೆನ್ಸ್ ಬೀಮ್ ಮೇಲಿಂದ ಹಾರಿ ಬಿದ್ದಿದ್ದಕ್ಕೇ ತಾನೇ ಆ ವರ್ಷ ಕಪ್ ಕೈ ತಪ್ಪಿದ್ದು?"

"ಆಮೇಲೆ ಕೋಚ್ ಆರು ಕಪ್ ಗೆದ್ರು. ಅಷ್ಟಕ್ಕೂ ನೀನು ಬಿದ್ದಿದ್ದನ್ನ ಅವರು ನೋಡೇ ಇಲ್ಲ."

"ಪಕ್ಕದಲ್ಲೇ ಇದ್ರಲ್ಲೇ!"

"ಬೆನ್ನು ಮಾಡ್ಕೊಂಡು ಇದ್ರು. ಪಂದ್ಯದ ದಿನ ನಾವು ಹಾರೋದನ್ನ ನೋಡೋಕೆ ಅವರಿಗೆ ಧೈರ್ಯ ಎಲ್ಲಿತ್ತು? ಶೂ ಲೇಸ್ ಕಟ್ತಾ ಕೂತ್ಬಿಡೋರು."

"ಮತ್ತೆ ಹಾರಿ ಇಳಿಯೋವಾಗ ಬಲಗಾಲು ಮೊದಲು ಊರ್ತೀಯ ಅಂತ ನಾಲ್ಕು ವರ್ಷ ನನ್ನ ಬೈದಿದ್ದು?"

"ಸದ್ದು ಕೇಳಿ ಬೈಯೋರು ಕಣೇ."

ಕೆಳಗೆ ಬಾಗಿಲಲ್ಲಿ ಕೋಚ್ ನಮಗೆ ಬೆನ್ನು ಮಾಡಿ, ಪುಟ್ಟ ಹುಡುಗಿಯೊಬ್ಬಳ ಟೀ ಶರ್ಟಿನ ಮೇಲೆ ಸಹಿ ಹಾಕುತ್ತಿದ್ದರು. ಕೊನೆಯ ಎರಡು ಮೆಟ್ಟಿಲು ಉಳಿದಿರುವಾಗ ಟ್ಯಾಮಿ ಕಾಲು ಕೀಳಲು ನೋಡಿದಳು. ರೋಶೆಲ್ ಹಿಂದಿನಿಂದ ತಳ್ಳಿದಳು. ಟ್ಯಾಮಿ ಎರಡೂ ಮೆಟ್ಟಿಲು ಹಾರಿ, ಧಪ್ ಧಪ್ ಎಂದು ಕೆಳಗಿಳಿದಳು.

ಪೆನ್ನು ನಿಂತಿತು. ಕೋಚ್ ತಿರುಗಲೂ ಇಲ್ಲ.

"ಈಗಲೂ ಬಲಗಾಲೇ ಮೊದಲಾ ಟ್ಯಾಮಿ? ಇಷ್ಟು ವರ್ಷ ಎಲ್ಲಿ ಹಾಳಾಗಿ ಹೋಗಿದ್ದೆ? ಬಾ ಇಲ್ಲಿ."

ಮೂವರೂ ತಬ್ಬಿಕೊಂಡೇ ಒಳಗೆ ಹೋದರು. ಹುಡುಗಿಯ ಬೆನ್ನ ಮೇಲೆ ಅರ್ಧ ಸಹಿ ಉಳಿದಿತ್ತು.